ನಾಲೆ ಏರಿಯ ಮೇಲೆ ನಿಂತಿದ್ದವಳು

"ಈ ಕಥೆ ಬರ್ದೋರು ನೀವೇನಾ?"

ಪ್ರೆಸ್ಸಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ತಿಮ್ಮೇಶ ತಲೆಯೆತ್ತಿದ. ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗಿ, ಬೆರಳೆಲ್ಲ ಮಸಿ. ಅಚ್ಚಿನ ಮೊಳೆ ಜೋಡಿಸಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ತನ್ನ ಮೊದಲ ಪುಸ್ತಕವನ್ನು ಓದಿದ ಮೊದಲ ಜೀವ ಇದು ಎಂದುಕೊಂಡು ಅವನು ನಕ್ಕ.

"ಹೂಂ, ನಾನೇ. ಹೆಂಗೈತೆ?"

ಅವಳು ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿದಳು. ಎರಡು ದಿನ ಕೂತು ಜೋಡಿಸಿದ್ದ ಸೀಸದ ಅಕ್ಷರಗಳೆಲ್ಲ ನೆಲಕ್ಕೆ ಸುರಿದವು.

"ಏನವ್ವ ರಂಜಿತ ಇದು, ತಲೆಗಿಲೆ ಕೆಟ್ಟೋಯ್ತಾ ನಿಂಗೆ?" ಮಾಲೀಕ ಮಂಚಯ್ಯ ಒಳಗಿನಿಂದ ಓಡಿಬಂದರು.

ರಂಜಿತ ಅವರ ಕಡೆ ತಿರುಗಲೂ ಇಲ್ಲ.

"ಅದು ದೆವ್ವ ಅಲ್ಲ ಕಣ್ರೀ," ಎಂದಳು ತಿಮ್ಮೇಶನಿಗೆ. "ನಮ್ಮಕ್ಕ."

ಅವನ ಮುಖದ ನಗು ಹಾಗೇ ಸತ್ತುಹೋಯಿತು.

ಅದು ತೊಂಬತ್ತೇಳನೇ ಇಸವಿ. ಕೆ.ಆರ್. ಪೇಟೆಯ ಆ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆ, ತಿಥಿ ಕಾರ್ಡು ಬಿಟ್ಟರೆ ಬೇರೇನೂ ಅಚ್ಚಾಗುತ್ತಿರಲಿಲ್ಲ. ನಾಗಮಂಗಲದ ಲೈಬ್ರರಿಯಲ್ಲಿ ಸಹಾಯಕನಾಗಿದ್ದ ತಿಮ್ಮೇಶ ಹನ್ನೆರಡು ಕಥೆಗಳ ಕಟ್ಟು ತಂದುಕೊಟ್ಟು ಹೋದಾಗ ಮಂಚಯ್ಯನವರಿಗೇ ಆಶ್ಚರ್ಯವಾಗಿತ್ತು. ಎಲ್ಲವೂ ದೆವ್ವದ, ಮಾಯದ ಕಥೆಗಳು. ಶ್ರೀರಂಗಪಟ್ಟಣದ ಕೋಟೆ ಗೋಡೆಯೊಳಗಿಂದ ನೀರು ಕೇಳಿಕೊಂಡು ಬರುವ ಸಿಪಾಯಿ... ಜನರ ನೆರಳನ್ನು ಇಟ್ಟುಕೊಂಡು ಕಳಿಸುವ ಹುಣಸೆಮರ... ಐದನೆಯದು ಪಾಂಡವಪುರದ ನಾಲೆ ಏರಿಯ ಮೇಲೆ ಹಸಿರು ಸೀರೆಯುಟ್ಟು ಸಂಜೆ ಬಸ್ಸಿಗೆ ಕೈ ಅಡ್ಡ ಹಾಕುವ ಮೋಹಿನಿ.

ಆ ಐದನೆಯ ಕಥೆ ರಂಜಿತಳಿಗೆ ಬಾಯಿಪಾಠವಾಗಿತ್ತು.

ಅವಳ ಅಕ್ಕ ಸಹನಳನ್ನು ಪಾಂಡವಪುರದ ಹತ್ತಿರದ ಊರಿಗೆ ಕೊಟ್ಟಿತ್ತು. ತೊಂಬತ್ತೆರಡರಲ್ಲಿ ಒಂದು ಬೆಳಗ್ಗೆ ಅವಳ ಹೆಣ ನಾಲೆಯ ತೂಬಿನ ಬಳಿ ಸಿಕ್ಕಿತು, ಹಸಿರು ಸೀರೆಯಲ್ಲಿ. ಬಿದ್ದಳೋ, ಹಾರಿದಳೋ, ಯಾರಾದರೂ ತಳ್ಳಿದರೋ... ಗೊತ್ತಾಗಲಿಲ್ಲ. ಗಂಡನ ಮನೆಯವರು "ಗಾಳಿ ಸೋಕಿತ್ತು" ಎಂದು ಕೈ ತೊಳೆದುಕೊಂಡರು. ಎರಡು ವರ್ಷದ ಮೇಲೆ 'ದಾರಿಹೋಕ' ಎಂಬ ಹೆಸರಿನಲ್ಲಿ ಈ ಕಥೆ ಒಂದು ವಾರಪತ್ರಿಕೆಯಲ್ಲಿ ಬಂತು. ಹೋಟೆಲಿನಲ್ಲಿ ಕೂತು ಜನ ಗಟ್ಟಿಯಾಗಿ ಓದಿದರು. ನೋಡ್ರಪ್ಪ, ಪತ್ರಿಕೇಲೇ ಬಂದದೆ ಎಂದರು.

ರಂಜಿತಳನ್ನು ಕೇಳುತ್ತಿದ್ದ ಕಿಕ್ಕೇರಿಯ ಗಂಡಿನವರು ಬರುವುದನ್ನು ನಿಲ್ಲಿಸಿದರು. ಬೆಳ್ಳೂರಿನವರು ನಿಶ್ಚಿತಾರ್ಥವನ್ನೇ ಮುರಿದರು. ಅಕ್ಕ ಮೋಹಿನಿಯಾದ ಮನೆಯಿಂದ ಹೆಣ್ಣು ತರುವ ಧೈರ್ಯ ಯಾರಿಗೂ ಇರಲಿಲ್ಲ.

ಇದನ್ನೆಲ್ಲ ಅವಳು ಅಲ್ಲೇ, ನಿಂತ ಕಾಲಲ್ಲೇ ಹೇಳಿದಳು. ತಿಮ್ಮೇಶ ನೆಲಕ್ಕೆ ಕೂತು, ಚೆಲ್ಲಿದ ಮೊಳೆಗಳನ್ನು ಒಂದೊಂದಾಗಿ ಆರಿಸತೊಡಗಿದ. 

"ಈ ಕಥೆ ತೆಗೆದುಬುಡಿ," ಎಂದ ಕೊನೆಗೆ. "ಹನ್ನೊಂದು ಸಾಕು."

*ಸದ್ಯ, ನಾಚಿಕೆ ಅನ್ನೋದಾದರೂ ಇದೆ,* ಅಂದುಕೊಂಡಳು ರಂಜಿತ.

ಕಲಸಿಹೋದ ಮೊಳೆಗಳನ್ನು ಮತ್ತೆ ಪೆಟ್ಟಿಗೆಯಲ್ಲಿ ಅವುಗಳ ಮನೆಗೆ ಹಾಕುವುದು ಒಂದು ದಿನದ ಕೆಲಸವಲ್ಲ. ತಿಮ್ಮೇಶ ಭಾನುವಾರ ಭಾನುವಾರ ಬಸ್ಸು ಹತ್ತಿ ಬರತೊಡಗಿದ. ಮಂಚಯ್ಯ ಬೇಡವೆಂದರೂ ಕೇಳಲಿಲ್ಲ. ಮೊದಲ ವಾರ ರಂಜಿತ ಅವನ ಕಡೆ ನೋಡಲಿಲ್ಲ. ಎರಡನೆಯ ವಾರ ಅವನು 'ಪ'ಗಳ ಜೊತೆ 'ಷ' ಹಾಕುತ್ತಿದ್ದುದನ್ನು ಕಂಡು ತಡೆಯಲಾಗಲಿಲ್ಲ.

"ಹೊಟ್ಟೆ ಸೀಳಿದ್ರೆ 'ಷ' ಕಣ್ರೀ. ಕತೆ ಬರೀತೀರ, ಅಷ್ಟೂ ಗೊತ್ತಾಗಕಿಲ್ವಾ?"

"ಕನ್ನಡೀಲಿ ನೋಡ್ದಂಗೆ ಎಲ್ಲ ತಿರುವುಮುರುವಾಗವೆ. ನಿಮ್ಗೆಂಗೆ ಓದಕ್ಕಾಯ್ತದೆ?"

"ಆರು ವರ್ಸದಿಂದ ನೆಟ್ಟಗಿರೋದೇನೂ ಓದಿಲ್ಲ ನಾನು."

ಅವನು ನಗಲಿಲ್ಲ. ಅದು ಅವಳಿಗೆ ಹಿಡಿಸಿತು.

ಉಳಿದ ಕಥೆಗಳನ್ನು ಅವಳು ಒಂದೊಂದೇ ಸಾಲಾಗಿ ಜೋಡಿಸಿದಳು. ಹನ್ನೊಂದನೆಯದು ಒಂದು ಬಾವಿಯ ಕಥೆ. ಬಗ್ಗಿ ಹೆಸರು ಹಿಡಿದು ಕೂಗಿದರೆ ಸತ್ತವರು ಒಳಗಿನಿಂದ ಓಗೊಡುತ್ತಾರೆ. ಕಥೆ ಅರ್ಧಕ್ಕೇ ನಿಂತಿತ್ತು.

"ಓಗೊಟ್ಟು ಏನಂತಾರೆ ಅವ್ರು?" ಕೇಳಿದಳು ಒಂದು ಮಧ್ಯಾಹ್ನ.

"ಅದು ತಿಳೀನಿಲ್ಲ ನಂಗೆ. ಅದ್ಕೇ ಮುಗಿಸಕ್ಕಾಗಿಲ್ಲ."

"ನಮ್ಮಕ್ಕನ್ನ ಕೂಗಿದ್ರೆ... ಓಗೊಡ್ತಾಳೋ ಇಲ್ವೋ. ಸಾಯೋಕೆ ಒಂದು ವಾರ ಮುಂಚೆ ಮೈಯೆಲ್ಲ ಬಾಸುಂಡೆ ಹೊತ್ಕಂಡು ಬಂದಿದ್ಲು. ಹೊಂದ್ಕಂಡು ಓಗವ್ವ ಅಂತ ಅವ್ವ ವಾಪಸ್ ಕಳಿಸಿದ್ಲು. ಆವತ್ತಿಂದ ಅವ್ವ ಅವಳ ಹೆಸರೇ ಎತ್ತಿಲ್ಲ."

ತಿಮ್ಮೇಶ ಎದ್ದು ಹೊರಗೆ ಹೋಗಿ ಬಹಳ ಹೊತ್ತು ನಿಂತುಕೊಂಡ. ಒಳಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. *ನನ್ನ ಅಕ್ಕನಿಗಾಗಿ ಅತ್ತ ಹೊರಗಿನವನು ಇವನೊಬ್ಬನೇ...* ಅವಳ ಎದೆ ಅವತ್ತೇ ಅವನ ಕಡೆ ವಾಲಿಹೋಯಿತು.

ಮುಂದಿನ ಭಾನುವಾರ ಅವಳೇ ಕೇಳಿದಳು. ದನಿ ತನಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಒಂದ್ಸಲ ಮನೆಗೆ ಬಂದು ಅವ್ವನ್ನ ಮಾತಾಡ್ಸಿ..."

ಅವನು ಅವಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಟವೆಲಿನಿಂದ ಕೈ ಒರೆಸಿಕೊಂಡು, "ಬಸ್ಸಿಗೆ ಒತ್ತಾಯ್ತು," ಎಂದು ಎದ್ದು ಹೋದ.

ಮತ್ತೆ ಬರಲೇ ಇಲ್ಲ.

ಒಂದು ಭಾನುವಾರ. ಎರಡು. ಆರು. ಬೀದಿಯಲ್ಲಿ ಯಾರದೇ ಹೆಜ್ಜೆ ಸದ್ದಾದರೂ ರಂಜಿತಳ ಬೆರಳು ನಿಲ್ಲುತ್ತಿತ್ತು. ನಾಲ್ಕು ತಿಂಗಳು ಕಾದು ಮಂಚಯ್ಯ ಮದುವೆ ಪತ್ರಿಕೆಗಳಿಗೆ ಮೊಳೆ ಸಾಲದು ಎಂದರು. ಹನ್ನೊಂದೂ ಕಥೆಗಳನ್ನು ಅವಳೇ ತನ್ನ ಕೈಯಾರೆ ಬಿಚ್ಚಿ ಹಾಕಿದಳು. ಅದೇ ಅಕ್ಷರಗಳಲ್ಲಿ ಯಾರದೋ ಮದುವೆಯ ಮುಹೂರ್ತ ಜೋಡಿಸಿದಳು.

*ಅವನೂ ಹೆದರಿದ. ದೆವ್ವದ ತಂಗಿಯ ಜೊತೆ ಕಥೆ ಮಾತಾಡಬಹುದು, ಸಂಸಾರ ಮಾಡೋಕೆ ಆಗಲ್ಲ...* ಊರವರ ಮಾತು ಅವಳಿಗೆ ಇಷ್ಟು ನೋವು ಕೊಟ್ಟಿರಲಿಲ್ಲ.

ಒಂದು ಶನಿವಾರ ಬೆಳಗ್ಗೆ ನಾಗಮಂಗಲದ ಬಸ್ಸು ಹತ್ತಿದಳು.

ಲೈಬ್ರರಿಯಲ್ಲಿ ಪೇಪರ್ ಓದುವ ಇಬ್ಬರು ಮುದುಕರನ್ನು ಬಿಟ್ಟರೆ ಯಾರೂ ಇರಲಿಲ್ಲ. ತಿಮ್ಮೇಶ ಸೊರಗಿಹೋಗಿದ್ದ. ಅವಳನ್ನು ಕಂಡು ಎದ್ದು ನಿಂತ. ಹಿಂದಿನ ಕೋಣೆಗೆ ಕರೆದೊಯ್ದ.

"ನಿಮ್ಗೂ ಭಯ ಆಯ್ತಾ?" ಎಂದಳು. "ಅಷ್ಟು ಯೋಳಿ ಸಾಕು. ಓಯ್ತೀನಿ."

"ಭಯ ಆಯ್ತು. ಆದ್ರೆ ನಿಮ್ಮಕ್ಕ ದೆವ್ವ ಅಂತಲ್ಲ." ಅವನು ಗೋಡೆಗೆ ಒರಗಿದ. "ತೊಂಬತ್ತೆರಡ್ರಲ್ಲಿ ನಾನು ಲೈಬ್ರರೀಲಿ ಇರ್ಲಿಲ್ಲ ರಂಜಿತ. ಪ್ರೈವೇಟ್ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೆ. ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಗೆ."

ಅದು ಪಾಂಡವಪುರದ ನಾಲೆ ಏರಿಯ ಮೇಲೆ ಹಾಯುವ ದಾರಿ.

"ನಾಲೆ ಏರಿ ಮೇಲೆ ಒಬ್ಳು ಹೆಂಗಸು ಕೈ ಅಡ್ಡ ಹಾಕಿದ್ಲು. ಹಸಿರು ಸೀರೆ. ಡ್ರೈವರು ಸ್ಲೋ ಮಾಡ್ದ. ಬಸ್ಸು ತುಂಬಿತ್ತು, ಲೇಟಾಗಿತ್ತು... ನಾನೇ ರೈಟ್ ರೈಟ್ ಅಂದೆ. ಅವ್ಳು ಒಂದಷ್ಟು ದೂರ ಓಡಿಬಂದ್ಲು. ನೋಡ್ತಾನೇ ಇದ್ದೆ, ನಿಲ್ಲುಸ್ನಿಲ್ಲ. ಮಾರನೇ ದಿನ ಹೆಣ ಸಿಕ್ತು ಅಂದ್ರು."

ಅವಳು ಬಾಗಿಲ ಕಡೆ ಹೆಜ್ಜೆ ಇಟ್ಟಳು.

"ಅವ್ಳು ಮೊದ್ಲೇ ಸತ್ತಿದ್ಲು, ನಾನು ಕಂಡಿದ್ದು ದೆವ್ವ ಅಂತಾದ್ರೆ... ನಾನು ಯಾರ್ನೂ ಬುಟ್ಟೋಗಿಲ್ಲ ಅಂತಾಯ್ತದಲ್ಲ. ಅದ್ಕೇ ಬರ್ದೆ. ನಿಮ್ಮನೆ ಹಾಳಾಯ್ತದೆ ಅಂತ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ನಿಮ್ಮನ್ನ... ನಿಮ್ಮನ್ನ ಇಷ್ಟಪಡೋ ಯೋಗ್ಯತೆ ನಂಗಿಲ್ಲ."

ಎಷ್ಟು ದಿನ ಕಾದಿದ್ದಳು ಇಷ್ಟ ಎಂಬ ಆ ಒಂದು ಮಾತಿಗಾಗಿ. ಅದು ಬಂದದ್ದು ಹೀಗೆ.

"ಇದ್ನ ನಂಗಲ್ಲ, ನಮ್ಮವ್ವಂಗೆ ಯೋಳಿ," ಎಂದಳು ಬಾಗಿಲಲ್ಲಿ ನಿಂತು. "ಯೋಳಕ್ಕಾಗ್ದಿದ್ರೆ ಇನ್ಯಾವತ್ತೂ ನಂಗೆ ಮಕ ತೋರಿಸ್ಬೇಡಿ."

ವಾಪಸು ಬರುವಾಗ ರಸ್ತೆಯಲ್ಲಿ ಯಾರೋ ಕೈ ಅಡ್ಡ ಹಾಕಿದರು. ಬಸ್ಸು ನಿಂತಿತು. ಅಷ್ಟೇ ಸಾಕಾಯಿತು, ಸೆರಗು ಬಾಯಿಗೆ ಒತ್ತಿಕೊಂಡು ಊರು ಬರುವವರೆಗೂ ಅತ್ತಳು.

ಹದಿನೆಂಟು ದಿನ ಕಳೆದು, ಒಂದು ಬುಧವಾರ ಬೆಳಗ್ಗೆ ತಿಮ್ಮೇಶ ಅವರ ಮನೆಯ ಜಗುಲಿಯ ಮುಂದೆ ನಿಂತಿದ್ದ.

ರಂಜಿತಳ ತಾಯಿ ಜಯಲಕ್ಷ್ಮಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದರು. ಅವನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದ. ಬಸ್ಸು, ಸೀರೆ, ರೈಟ್ ರೈಟ್ ಅಂದದ್ದು, ಆಮೇಲೆ ಬರೆದದ್ದು. ಮೊರ ಎಲ್ಲಿತ್ತೋ ಅಲ್ಲೇ ನಿಂತುಬಿಟ್ಟಿತು. ರಂಜಿತ ಕಂಬ ಹಿಡಿದುಕೊಂಡಳು.

ಜಯಲಕ್ಷ್ಮಮ್ಮ ತಲೆಯೆತ್ತಿ ಕೇಳಿದರು.

"ಆ ಬಸ್ಸು ಯಾವ ಕಡೀಕ್ ಬತ್ತಿತ್ತಪ್ಪ?"

"ಇಲ್ಲಿಗೇ ಕಣವ್ವ. ಪೇಟೆಗೆ."

"ಅವಳ ಕೈಲೇನಾರ ಇತ್ತಾ?"

ತಿಮ್ಮೇಶ ಕಣ್ಣು ಮುಚ್ಚಿದ. ಐದು ವರ್ಷದಿಂದ ದಿನಾ ನೋಡುತ್ತಿದ್ದ ಚಿತ್ರ ಅದು.

"ಇತ್ತು. ಬಟ್ಟೆ ತುಂಬಿದ ಬ್ಯಾಗು."

"ಅಂಗಾದ್ರೆ ಮನೆಗೆ ಬತ್ತಿದ್ಲು." ಜಯಲಕ್ಷ್ಮಮ್ಮನ ದನಿ ಒಡೆಯಿತು. "ನಾನು ಓಗು ಅಂದಿದ್ರೂ ನನ್ ತಾವ್ಕೇ ಬತ್ತಿದ್ಲು... ಸಹನಾ... ನನ್ ಮಗಳೇ..."

ಐದು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಆ ಹೆಸರು ಕೇಳಿಸಿತು. ರಾಗಿಯೆಲ್ಲ ಮಡಿಲಿಗೆ, ಜಗುಲಿಗೆ ಚೆಲ್ಲಿತು. ರಂಜಿತ ತಾಯಿಯನ್ನು ತಬ್ಬಿಕೊಂಡು ಕುಸಿದಳು. ತಿಮ್ಮೇಶ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ.

ಅತ್ತು ಅತ್ತು ಸಾಕಾದ ಮೇಲೆ ಜಯಲಕ್ಷ್ಮಮ್ಮ ಅವನ ಕಡೆ ತಿರುಗಿದರು.

"ನೀನು ಬಸ್ಸು ನಿಲ್ಲುಸ್ನಿಲ್ಲ. ನಾನು ಹೆತ್ತೋಳು, ಬಾಗ್ಲೇ ಮುಚ್ಚಿದ್ದೆ. ನಿನ್ನ ಬೈಯೋಕೆ ನಂಗೆ ಬಾಯೆಲ್ಲೈತಪ್ಪ."

ಮುಖ ತೊಳೆಯಲು ಅವರು ಹಿತ್ತಿಲಿಗೆ ಹೋದರು. ಅಲ್ಲಿ ಇಬ್ಬರೇ ಉಳಿದರು.

"ಓಯ್ತೀನಿ," ಎಂದ ತಿಮ್ಮೇಶ ಎದ್ದು ನಿಂತು.

"ನಿಮ್ಮನ್ನ ನೋಡ್ದಾಗೆಲ್ಲ ಅವ್ಳು ನೆಪ್ಪಾಯ್ತಾಳೆ ನಂಗೆ," ಎಂದಳು ರಂಜಿತ, ನೆಲ ನೋಡುತ್ತ.

"ಗೊತ್ತು."

"ಓಡಿಬಂದ್ಲು ಅಂದ್ರಲ್ಲ, ಅದು ಸಾಯೋಗಂಟ ಓಗಕಿಲ್ಲ."

"ನಂಗೂ ಓಗಕಿಲ್ಲ ರಂಜಿತ."

"ನೀವು ಕಣ್ಮುಂದೆ ಇಲ್ದಿದ್ರೂ ಅವ್ಳು ಬತ್ತಾಳೆ. ಆಗ... ಯಾರ್ ತಾವ ಯೋಳ್ಕಳ್ಳಿ ನಾನು?"

ಅವನು ಜಗುಲಿಯ ಹತ್ತಿರ ಬಂದ. 

"ಭಾನುವಾರ ಬರ್ಲಾ?"

ಅವಳು ತಲೆಯೆತ್ತಿದಳು. ಕ್ಷಮಿಸಿದ್ದೇನೆ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಮುಂದೆ ಎಂದಾದರೂ ಬರುತ್ತದೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಚೆಲ್ಲಿದ ರಾಗಿಯನ್ನು ಕೈಯಿಂದ ಒತ್ತರಿಸಿ, ಜಗುಲಿಯ ಮೇಲೆ ಒಬ್ಬರಿಗಾಗುವಷ್ಟು ಜಾಗ ಮಾಡಿದಳು.

"ಭಾನುವಾರ ಇನ್ನೂ ದೂರ ಅದೆ," ಎಂದಳು. "ಈಗ ಕೂತ್ಕಳಿ."