ಬೌದ್ಧರಿಗೆ ಸೆಕೆ ಆಗಲ್ವಂತೆ!

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹಲ್ಲಿನ ಆಸ್ಪತ್ರೆಯ ಮೇಜಿನ ಮೇಲೆ ಡೊಳ್ಳುಹೊಟ್ಟೆಯ ಗೊಂಬೆಯೊಂದು ವಿರಾಜಮಾನವಾಯಿತು!

ತಂದವನು ಹೊಸ ಡಾಕ್ಟರು. "ಬುದ್ಧ! ನಗ್ತಾ ಇದಾನೆ ನೋಡಿ, ಹಲ್ಲು ಎಷ್ಟು ಚೆನ್ನಾಗಿದೆ!"

ಒಳಕೋಣೆಯಲ್ಲಿ ಕಟ್ಟುಹಲ್ಲು ತಯಾರಿಸುವವಳು, ಉಜ್ಜುತ್ತಿದ್ದ ಪ್ಲಾಸ್ಟರ್ ದವಡೆ ಹಿಡಿದುಕೊಂಡೇ ಹೊರಬಂದಳು.

"ಅದು ಬುದ್ಧ ಅಲ್ಲ! ಎಷ್ಟೋ ಶತಮಾನ ಆದ್ಮೇಲೆ ಬೇರೆ ನಾಡಲ್ಲಿದ್ದ ಯಾವನೋ ಸನ್ಯಾಸಿ. ಮೂರು ತಲೆಮಾರಿಂದ ಬೌದ್ಧರು ನಾವು, ನಮಗೆ ಗೊತ್ತಿಲ್ವಾ?"

"ನೀವು ಬೌದ್ಧರಾ? ಮತ್ತೆ... ಕೋಪ ಮಾಡ್ಕೊಂಡಿದೀರಲ್ಲ!"

ಅವಳ ಕಣ್ಣು ಕೆಂಡವಾಯ್ತು. ಆ ಕಣ್ಣಲ್ಲೇ ಡಾಕ್ಟರು ಬಿದ್ದ... ಪಾಪ, ಆಮೇಲೆ ಏಳಲೇ ಇಲ್ಲ!

ಮಧ್ಯಾಹ್ನ ಅವಳ ಊಟದ ಡಬ್ಬಿ ನೋಡಿ ಹೌಹಾರಿದ. "ಮೀನಾ? ಬೌದ್ಧರು..."

"ತಿನ್ನೋರು ತಿಂತಾರೆ, ಬಿಡೋರು ಬಿಡ್ತಾರೆ. ನಿಮಗೆ ಮುಳ್ಳು ಬೇಕಾ?"

ಬೇಸಿಗೆಯಲ್ಲಿ ಅವಳ ಕೋಣೆಯ ಫ್ಯಾನು ರಿಸೆಪ್ಷನ್ ಅಕ್ಕನ ಮೇಜಿಗೆ ಹೋಯ್ತು. "ನಿಮಗೆ ಸೆಕೆ, ತಂಪು ಎರಡೂ ಒಂದೇ ಅಲ್ವಾ?" ಅಂದ, ಭಕ್ತಿಯಿಂದ!

ಅವಳಿಗೆ ಬೆವರಿಗಿಂತ ಹೆಚ್ಚು ಸಿಟ್ಟು ಸುರೀತು. ಆದರೆ ಅವತ್ತೇ ಒಬ್ಬ ಅಜ್ಜಿ ಹೊಸ ಹಲ್ಲಲ್ಲಿ ಮೊಮ್ಮಗಳ ಹೆಸರು ನೆಟ್ಟಗೆ ಕರೆಯೋವರೆಗೂ ಅವನು ಪಕ್ಕದಲ್ಲೇ ಕೂತಿದ್ದ.

'ಇಂಥ ಪೆದ್ದ ನನಗ್ಯಾಕೆ ಇಷ್ಟ ಆಗ್ತಾನೆ...?'

ಆರು ತಿಂಗಳಾದ ಮೇಲೊಂದು ಶುಕ್ರವಾರ ಅವನು ತಲೆ ಬೋಳಿಸಿಕೊಂಡು ಬಂದ!

"ನಾಳೆ ವಿಹಾರಕ್ಕೆ ಹೋಗಿ ಭಿಕ್ಷು ಆಗ್ತೀನಿ. ನಿಮ್ಮನ್ನ ಪ್ರೀತಿಸ್ಬಿಟ್ಟೆ. ಆದ್ರೆ ನೀವು ಆಸೆ ಬಿಟ್ಟೋರು... ನಾನೂ ಬಿಡ್ತೀನಿ!"

ಕಾಯುತ್ತಿದ್ದ ಪೇಷಂಟುಗಳೆಲ್ಲ ಬಾಯಿ ತೆರೆದರು, ಡಾಕ್ಟರು ಹೇಳದೇನೇ.

"ಆಸೆ ಬಿಟ್ಟೋರಾ? ನಮ್ಮಪ್ಪ ಅಮ್ಮನಿಗೆ ನಾಲ್ಕು ಮಕ್ಕಳು ಧ್ಯಾನ ಮಾಡಿ ಹುಟ್ಟಿದ್ವಾ? ನನ್ನ ಬಗ್ಗೆ ಎಲ್ಲಾ ನೀವೇ ಹೇಳಿದ್ರಿ! ನಿಮಗೇನು ಬೇಕು ಅಂತ ಒಂದೇ ಒಂದು ಸಲ ಕೇಳಿದ್ರಾ? ಹೋಗಿ!"

ಬಾಗಿಲು ಧಡ್ ಅಂತು. ಇದು ತನ್ನ ವೈರಾಗ್ಯಕ್ಕೆ ಪರೀಕ್ಷೆ ಅಂದ್ಕೊಂಡು ಆ ಮಹಾಶಯ ಹೊರಟೇಬಿಟ್ಟ!

ಒಳಗೆ ಅವಳ ಕಣ್ಣೀರು ಬಿದ್ದು ಹಲ್ಲಿನ ಹಸಿ ಅಚ್ಚೊಂದು ಹಾಳಾಯ್ತು...

ಸೋಮವಾರ ಹತ್ತು ಗಂಟೆಗೆ ಬಾಗಿಲಲ್ಲಿ ಅದೇ ಬೋಳುತಲೆ. ಕೈಯಲ್ಲಿ ಚೀಲ.

"ಸೇರಿಸ್ಕೊಳ್ಳಲಿಲ್ಲ."

"ಯಾಕಂತೆ?"

"ಅಪ್ಪ ಅಮ್ಮನ ಒಪ್ಪಿಗೆ ಬೇಕಂತೆ. ಬುದ್ಧ ಮಾಡಿದ್ದೇ ನಿಯಮ ಅಂತೆ. ಅಪ್ಪ ಇಲ್ಲ. ಅಮ್ಮ ಫೋನಲ್ಲಿ ಗುರುಗಳಿಗೆ, 'ಮೊದಲು ಮದುವೆ ಆಗ್ಲಿ ಸ್ವಾಮಿ, ವೈರಾಗ್ಯ ತಾನಾಗೇ ಬರುತ್ತೆ' ಅಂದ್ಬಿಟ್ರು!"

ತಡೆದರೂ ಅವಳಿಗೆ ನಗು ಬಂತು. ಸಿಟ್ಟು ಮಾತ್ರ ಮೂಗಿನ ತುದೀಲೇ ಕೂತಿತ್ತು.

ಅವನು ಚೀಲ ಕೆಳಗಿಟ್ಟ. "ಈಗ ಕೇಳ್ತೀನಿ... ನಿಮಗೇನು ಬೇಕು?"

"ಮೊದಲು ನನ್ನ ಫ್ಯಾನು!"

"ಆಮೇಲೆ?"

ಬಿಳಿ ಪುಡಿ ಮೆತ್ತಿದ ಕೈಯಿಂದ ಆ ಬೋಳುತಲೆ ಸವರಿದಳು.

"ನಿಮ್ಮಮ್ಮನ ಒಪ್ಪಿಗೆ... ಇನ್ನೊಂದು ವಿಷಯಕ್ಕೆ."

"ಅದು... ಸಿಕ್ಕಾಯ್ತು ಕಣ್ರೀ."