ಕಣ್ಣು ತಪ್ಪಿಸಿದವನು

ಲಿಫ್ಟಿನ ಬಾಗಿಲು ಮುಚ್ಚುವ ಮೊದಲೇ ಅವನು ಒಳಗೆ ನುಗ್ಗಿದ. ಕೈಯಲ್ಲಿ ಔಷಧದ ಡಬ್ಬಿ, ಮುಖದಲ್ಲಿ ಅದೇ ತುಂಟ ನಗು.

"ಕನ್ನಡಕ ಮೇಡಂ! ಇವತ್ತೂ ಚಿಕ್ಕಮ್ಮನ್ನ ನೋಡೋಕೆ ಬಂದ್ರಾ?"

ಅವಳು ಹೌದೆಂದು ತಲೆಯಾಡಿಸಿದಳು.

ಮೂರು ಗುರುವಾರ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಕಾಫಿ ಕುಡಿದಿದ್ದರು. ಅವನು ಕೆಳಮಹಡಿಯ ಔಷಧ ವಿಭಾಗದವನು. ತಾನು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು ಎಂದಿದ್ದಳು, ಅದು ನಿಜ. ಚಿಕ್ಕಮ್ಮನಿಗೆ ಹುಷಾರಿಲ್ಲ ಎಂದಿದ್ದಳು, ಅದು ಶುದ್ಧ ಸುಳ್ಳು! ಇದ್ದದ್ದು ಅವಳದೇ ಗರ್ಭಕಂಠದಲ್ಲಿ ಒಂದು ವೈರಸ್ಸು, ಅದು ಕೆಡಿಸಿಟ್ಟ ಜೀವಕೋಶಗಳು. ಇನ್ನೂ ಕ್ಯಾನ್ಸರ್ ಅಲ್ಲ ಎಂದಿದ್ದರು ಡಾಕ್ಟರು. ಆ 'ಇನ್ನೂ' ಅನ್ನುವ ಮಾತೇ ಅವಳ ನಿದ್ದೆ ಕೆಡಿಸಿತ್ತು. ಅಮ್ಮನನ್ನು ತಿಂದದ್ದೂ ಅದೇ ಜಾಗದ ಕಾಯಿಲೆ.

ಅವನ ನೋಟ ಅವಳ ಕೊರಳಿನ ನೀಲಿ ಕಾರ್ಡಿನ ಮೇಲೆ ಬಿತ್ತು. ಹೊಸ ಔಷಧದ ಪ್ರಯೋಗಕ್ಕೆ ಸೇರಿದ ರೋಗಿಗಳಿಗಷ್ಟೇ ಕೊಡುವ ಕಾರ್ಡು.

ಅವನ ನಗು ಅಲ್ಲೇ ಇಂಗಿತು. ಗೋಡೆಯತ್ತ ತಿರುಗಿ ನಿಂತ. ಬಾಗಿಲು ತೆರೆದದ್ದೇ ತಡ, ಹೊರಟೇಹೋದ.

ನಾಲ್ಕನೇ ಮಹಡಿಯಲ್ಲಿ ಒಂದು ಗಂಟೆ ಕಾದ ಮೇಲೆ ನರ್ಸಕ್ಕ ಹಳದಿ ಕಾಗದ ಸುತ್ತಿದ ಸಿರಿಂಜ್ ಹಿಡಿದು ಬಂದರು.

"ವೈರಸ್ಸನ್ನ ಗುರುತು ಹಿಡಿದು ಹೊಡೆಯೋಕೆ ನಿಮ್ಮ ಮೈಗೇ ಕಲಿಸೋ ಔಷಧ ಇದು. ಕೆಲವರಿಗೆ ಔಷಧ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವ್ದು ಅಂತ ನಂಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅದಕ್ಕೇ ಈ ಕಾಗದ."

"ಮತ್ತೆ ಯಾರಿಗೆ ಗೊತ್ತು?"

"ಕೆಳಗೆ ಸಿರಿಂಜ್ ತುಂಬೋ ಮಹಾರಾಯನಿಗೆ. ಅವನು ನಿಮ್ಮ ಹತ್ರ ಮಾತಾಡೋ ಹಾಗಿಲ್ಲ. ಮುಖದಲ್ಲೇ ಗುಟ್ಟು ರಟ್ಟಾದ್ರೆ?"

ಸೂಜಿ ಒಳಗಿಳಿಯಿತು. ಅವಳಿಗೆ ನೋವೇ ತಿಳಿಯಲಿಲ್ಲ.

ದಿನವಿಡೀ ಕಣ್ಣು ನೋಡುವುದೇ ಅವಳ ಕಸುಬು. ಕಾಣದ ಅಕ್ಷರ ಕಂಡಿತೆಂದು ಬುರುಡೆ ಬಿಡುವ ಗಿರಾಕಿಯನ್ನು ಥಟ್ಟನೆ ಹಿಡಿಯುತ್ತಿದ್ದಳು. ಅಂಥವರ ಕಣ್ಣು ಮೊದಲು ಪಕ್ಕಕ್ಕೆ ಜಾರುತ್ತದೆ. ಲಿಫ್ಟಿನಲ್ಲಿ ಅವನ ಕಣ್ಣೂ ಹಾಗೇ ಜಾರಿತ್ತು.

'ಅವನಿಗೆ ಗೊತ್ತು... ನನಗೆ ಕೊಡ್ತಿರೋದು ಬರೀ ನೀರು!'

ಎರಡನೇ ಸೂಜಿ, ಮೂರನೇ ಸೂಜಿ. ತೋಳು ಊದಲಿಲ್ಲ, ಜ್ವರ ಬರಲಿಲ್ಲ. ಕ್ಯಾಂಟೀನಿನ ಆ ಕುರ್ಚಿ ಖಾಲಿಯೇ ಉಳಿಯಿತು. ಒಮ್ಮೆ ಕಾರಿಡಾರಿನ ತುದಿಯಲ್ಲಿ ಅವಳನ್ನು ಕಂಡವನೇ ಮೆಟ್ಟಿಲು ಹಿಡಿದು ಇಳಿದುಬಿಟ್ಟ. ಸಾಯುವವಳ ಹತ್ತಿರ ಯಾರು ತಾನೇ ನಿಲ್ಲುತ್ತಾರೆ?

ಆರನೇ ತಿಂಗಳ ಪರೀಕ್ಷೆಗೆ ಅವಳು ಹೋಗಲೇ ಇಲ್ಲ.

ಆಸ್ಪತ್ರೆಯ ಫೋನು ಬಂದಾಗಲೆಲ್ಲ ಕತ್ತರಿಸಿದಳು. ಹೋಗಿ ಕೇಳಿಸಿಕೊಳ್ಳುವುದಾದರೂ ಏನನ್ನು, ಅಮ್ಮನ ಕಥೆಯನ್ನೇ? ಐದು ವಾರ ಕಳೆಯಿತು. ಆರನೇ ವಾರ ಮುದುಕರೊಬ್ಬರ ಕಣ್ಣಿನ ಮುಂದೆ ಪರೀಕ್ಷೆಯ ಗಾಜು ಬದಲಿಸುತ್ತಿದ್ದಾಗ ಬಟ್ಟೆ ಒದ್ದೆಯಾದಂತಾಯಿತು. ಬಚ್ಚಲಿಗೆ ಓಡಿದಳು. ರಕ್ತ! ತಿಂಗಳ ದಿನವಲ್ಲ...

ಆ ಸಂಜೆ ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಅಳಲಿಲ್ಲ, ಸಿಡಿದಳು.

"ಯಾವನೋ ಮುಖ ತಿರುಗಿಸಿದ ಅಂತ ಪರೀಕ್ಷೆ ಬಿಟ್ಯಾ? ತಲೆ ನೆಟ್ಟಗಿದೆಯಾ ನಿಂಗೆ? ಅಮ್ಮನೂ ಇವತ್ತು, ನಾಳೆ ಅಂತಾನೇ ಹೋಗ್ಬಿಟ್ಲು! ನಡಿ!"

ಮರುದಿನವೇ ಪರೀಕ್ಷೆ ಮಾಡಿಸಿ, ಫಲಿತಾಂಶಕ್ಕೆ ಒಂಬತ್ತು ದಿನ ಕಾದರು. ಡಾಕ್ಟರು ಕಾಗದವನ್ನು ಎರಡು ಸಲ ಓದಿದರು.

"ಔಷಧದಿಂದಲೋ, ತಾನಾಗೇನೋ, ಕೆಟ್ಟ ಜೀವಕೋಶ ಬಹಳ ಮಟ್ಟಿಗೆ ಮಾಯವಾಗಿದೆ. ಒಂದು ಚೂರು ಉಳಿದಿದೆ, ಅದನ್ನ ಕತ್ತರಿಸಿ ತೆಗೀತೀವಿ. ಆದ್ರೆ ಇನ್ನೊಂದು ಸಲ ಹೀಗೆ ತಪ್ಪಿಸ್ಕೊಂಡ್ರೆ ಈ ಮಾತು ಹೇಳೋಕೆ ನಂಗೆ ಅವಕಾಶ ಸಿಗಲ್ಲ."

ಅವಳು ಅಕ್ಕನ ಹೆಗಲಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು.

ಪ್ರಯೋಗ ಮುಗಿದು ಗುಟ್ಟಿನ ಪಟ್ಟಿ ತೆರೆದದ್ದು ಮರುವರ್ಷ. ಅವಳಿಗೆ ಕೊಟ್ಟದ್ದು ಏನೆಂಬ ಪತ್ರ ಅವಳ ಅಂಗಡಿಗೇ ಬಂತು. ಒಡೆಯಲು ಧೈರ್ಯವಾಗದೆ ಫ್ರೇಮುಗಳ ಡ್ರಾಯರಿನಲ್ಲಿಟ್ಟಳು. ಎರಡು ದಿನ ಬಿಟ್ಟು ಬಾಗಿಲಲ್ಲಿ ಅವನು ನಿಂತಿದ್ದ!

"ಕಣ್ಣು ಪರೀಕ್ಷೆ ಆಗ್ಬೇಕಿತ್ತು," ಎಂದ, ನೆಲ ನೋಡುತ್ತ.

"ನಂಗೆ ನೀರು ಚುಚ್ಚಿಸಿದವರಿಗೆ ಇಲ್ಲಿ ಪರೀಕ್ಷೆ ಇಲ್ಲ!"

"ಚುಚ್ಚಿಸಿದ್ದು ನೀರಾ, ಔಷಧಾನಾ... ನಂಗೊತ್ತಿಲ್ಲ."

"ಸುಳ್ಳು!"

"ಆ ದಿನ ಲಿಫ್ಟಿಂದ ಇಳಿದವನೇ ಆ ಪ್ರಯೋಗದ ಕೆಲಸ ಬೇರೆಯವರಿಗೆ ಬಿಟ್ಟುಕೊಟ್ಟೆ. ನಿಮ್ಮ ಒಂದು ಸಿರಿಂಜನ್ನೂ ನಾನು ತುಂಬಿಲ್ಲ. ಅದಕ್ಕೆ ಮುಂಚೆ ತುಂಬಿದ ಬೇರೆಯವರ ಗುಟ್ಟು ನನ್ನ ಹತ್ರ ಇತ್ತಲ್ಲ, ಪಟ್ಟಿ ತೆರೆಯೋವರೆಗೂ ಪ್ರಯೋಗದಲ್ಲಿರೋ ಯಾರ ಹತ್ರಾನೂ ಮಾತಾಡೋ ಹಾಗಿರ್ಲಿಲ್ಲ."

"ಕೆಲಸ ಯಾಕೆ ಬಿಟ್ರಿ?"

"ನಿಮ್ಮದು ನೀರು ಅಂತ ಗೊತ್ತಾಗಿದ್ರೆ... ನನ್ನ ಕೈಯಾರೆ ಅದನ್ನ ತುಂಬೋಕೆ ಆಗ್ತಿರ್ಲಿಲ್ಲ. ಅಷ್ಟು ಇಷ್ಟ ಆಗಿಹೋಗಿದ್ರಿ."

ಆ ಮುಖದಲ್ಲಿ ಅವಳು ಓದಿಕೊಂಡ ಸಾವು ಅಲ್ಲಿ ಇರಲೇ ಇಲ್ಲ! ಅದನ್ನು ನಂಬಿ ಅವಳು ನಿಜವಾದ ಸಾವಿನ ಬಾಗಿಲವರೆಗೂ ಹೋಗಿಬಂದಿದ್ದಳು.

"ಕಾಯಿಲೆ ಮತ್ತೆ ಬರಬಹುದು," ಎಂದಳು ಮೆಲ್ಲಗೆ. "ಆರು ತಿಂಗಳಿಗೊಮ್ಮೆ ಪರೀಕ್ಷೆ ಇದೆ. ಪ್ರತಿಸಲ ನಂಗೆ ಜೀವ ಬಾಯಿಗೆ ಬರುತ್ತೆ."

"ಪ್ರತಿಸಲ ಹೊರಗಿನ ಬೆಂಚಲ್ಲಿ ನಾನಿರ್ತೀನಿ. ಕಾಫಿ ನಂದು."

ಡ್ರಾಯರಿನ ಪತ್ರ ಅಲ್ಲೇ ಇತ್ತು. ನಾಳೆ ಇಬ್ಬರೂ ಕೂತು ಒಡೆದರಾಯಿತು. ಅವಳು ಕುರ್ಚಿ ಎಳೆದು ಅವನನ್ನು ಕೂರಿಸಿ, ಪುಟ್ಟ ದೀಪ ಹಚ್ಚಿದಳು.

"ಅಲುಗಾಡಬೇಡಿ. ನೇರವಾಗಿ ನನ್ನನ್ನೇ ನೋಡಿ."

ಅವನು ತಲೆಯೆತ್ತಿದ. ಕಣ್ಣು ತುಂಬಿತ್ತು.

"ಎಷ್ಟು ಹೊತ್ತು?"

"ನಾನು ಸಾಕು ಅನ್ನೋವರೆಗೂ."