ಉಸಿರು ಬಿಡಿ

"ಎದೆ ಅಳತೆ ತಗೋಬೇಕಿತ್ತು," ಎಂದು ಬಾಗಿಲಲ್ಲಿ ಯಾರೋ ಹೇಳಿದಾಗ ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲೂ ಇಲ್ಲ.

"ಫ್ರಾಕಾ, ನೈಟಿನಾ?"

ಕೇಳಿದ ಮೇಲೆ ತಲೆ ಎತ್ತಿದಳು. ಗ್ಯಾಸ್ ಏಜೆನ್ಸಿಯ ನೀಲಿ ಶರ್ಟು, ಸಿಲಿಂಡರ್ ಹೊತ್ತು ಹೊತ್ತು ಸವೆದ ಭುಜ, ಬಾಗಿಲ ತುಂಬ ಮನುಷ್ಯ.

"ನನಗೇ," ಎಂದ ಅವನು.

ಮೂಲೆಯಲ್ಲಿ ಹುಕ್ಕು ಹಾಕುತ್ತ ಕೂತಿದ್ದ ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದರು. "ಬೋರ್ಡು ಓದ್ಲಿಲ್ವೇನಪ್ಪಾ? ಲೇಡೀಸ್ ಟೈಲರ್ ಅಂತ ಇಷ್ಟು ದೊಡ್ಡದಾಗಿ ಬರೆಸಿದೀವಿ."

"ಓದಿದೆ ಅಮ್ಮಾ. ಜೆಂಟ್ಸ್ ಟೈಲರ್ ಹತ್ರ ಮೂರು ವಾರ ಹೋದೆ. ಬಟ್ಟೆ ಹೊಲಿಸೋದಿಲ್ಲ, ಬರೀ ಅಳತೆ ಕೊಟ್ಟು ಹೋಗ್ತೀಯಾ ಅಂತ ಬೈದು ಕಳಿಸಿದ್ರು."

ವಿಷಯ ಇಷ್ಟೇ. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆ. ತುಂಬಿದ ಸಿಲಿಂಡರ್ ಹೊತ್ತು ನಾಲ್ಕನೇ ಮಹಡಿ ಹತ್ತುವವನಿಗೆ ಓಟ, ಜಿಗಿತ, ಗುಂಡೆಸೆತ ಯಾವುದೂ ಲೆಕ್ಕಕ್ಕಿರಲಿಲ್ಲ. ಎಡವಟ್ಟಾಗಿದ್ದು ಎದೆಯಲ್ಲಿ. ಉಸಿರು ಬಿಟ್ಟಾಗಿನ ಅಳತೆಗಿಂತ ತುಂಬಿಕೊಂಡಾಗಿನ ಅಳತೆ ಐದು ಸೆಂಟಿಮೀಟರ್ ಹೆಚ್ಚಿರಬೇಕು. ಹೋದ ಸಲ ನಾಲ್ಕೂವರೆ ಬಂದಿತ್ತು. ಅರ್ಧ ಸೆಂಟಿಮೀಟರಿಗೆ ಮನೆಗೆ ಕಳಿಸಿದ್ದರು. ಈ ಸಲ ಬಿಟ್ಟರೆ ವಯಸ್ಸು ಮೀರುತ್ತಿತ್ತು.

"ಇನ್ನು ಎರಡು ತಿಂಗಳಿದೆ. ಉಸಿರಾಟದ ವ್ಯಾಯಾಮ ಮಾಡ್ತಿದೀನಿ. ಶನಿವಾರ ಶನಿವಾರ ಅಳೆದು ಹೇಳಿದ್ರೆ ಸಾಕು."

ಅವಳು ಕೊರಳಲ್ಲಿದ್ದ ಟೇಪು ತೆಗೆದು ಮಗುಚಿದಳು. ಇಂಚಿನ ಕಡೆಯ ಅಂಕಿಗಳು ಸವೆದು ಮಾಸಿದ್ದವು. ಸೆಂಟಿಮೀಟರಿನ ಕಡೆ ಯಾರೂ ಮುಟ್ಟಿರಲಿಲ್ಲ, ಇನ್ನೂ ಹೊಚ್ಚ ಹೊಸದಾಗಿತ್ತು.

"ಕೈ ಎತ್ತಿ."

ಎತ್ತಿದ. ಟೇಪನ್ನು ಅವನ ಬೆನ್ನಿನ ಸುತ್ತ ತರುವಾಗ ಅವಳ ಮುಂಗೈ ಅವನ ಶರ್ಟಿಗೆ ತಾಗಿತು. ಅವನು ಸೂರಿನ ಫ್ಯಾನಿನ ರೆಕ್ಕೆ ಎಣಿಸತೊಡಗಿದ. ಇರುವುದೇ ಮೂರು ರೆಕ್ಕೆ, ಎಷ್ಟು ಹೊತ್ತು ಎಣಿಸಲಾದೀತು? ಕಿವಿಯ ತುದಿ ಮೆಲ್ಲಗೆ ಕೆಂಪಾಗುತ್ತಿತ್ತು. ದಿನಕ್ಕೆ ಹತ್ತು ಜನರ ಅಳತೆ ತೆಗೆಯುವ ಅವಳಿಗೆ ಯಾಕೋ ಆ ಕಿವಿ ಕಣ್ಣಿಗೆ ಬಿತ್ತು.

"ಉಸಿರು ಬಿಡಿ. ಹ್ಞಾಂ, ಈಗ ಎಳ್ಕೊಳ್ಳಿ."

ಮೂರು ಸೆಂಟಿಮೀಟರ್.

ಮುಂದಿನ ಶನಿವಾರವೂ ಮೂರು. ಅದರ ಮುಂದಿನ ಶನಿವಾರ ಎರಡೂವರೆ.

"ವ್ಯಾಯಾಮ ಮಾಡ್ತಾ ಮಾಡ್ತಾ ಕುಗ್ತಾ ಇದೀಯಲ್ಲೋ, ಅರ್ಧಸೆಂಟಿ," ಎಂದರು ಚಿಕ್ಕಮ್ಮ. ಹೆಸರು ಅಂಟಿಕೊಂಡಿತು. ಅವನು ನಕ್ಕ, ಆದರೆ ಟೇಪಿನ ಮೇಲಿದ್ದ ಕಣ್ಣು ನಗಲಿಲ್ಲ.

ಅವನು ಪ್ರತಿಸಲ ಹೋಗುವಾಗ "ಬರ್ತೀನಿ" ಎನ್ನುತ್ತಿದ್ದ. ಎಲ್ಲರೂ ಅನ್ನುವ ಮಾತೇ. ಅವಳು ಮಾತ್ರ ಅದನ್ನು ವಾರವಿಡೀ ಇಟ್ಟುಕೊಳ್ಳುತ್ತಿದ್ದಳು. ಶನಿವಾರ ಬಂತೆಂದರೆ ಒಳ್ಳೆಯ ಓಲೆ ಕಿವಿಗೆ ಬರುತ್ತಿತ್ತು, ಬೀದಿಯಲ್ಲಿ ಸಿಲಿಂಡರ್ ಗಾಡಿಯ ಸದ್ದು ಕೇಳಲೆಂದು ಯಂತ್ರದ ಓಟ ತಗ್ಗುತ್ತಿತ್ತು.

"ಮಷಿನ್‌ಗೆ ಎಣ್ಣೆ ಹಾಕೇ, ಶನಿವಾರ ಮಾತ್ರ ನಿಧಾನ ಆಗುತ್ತೆ ಅದು," ಎಂದು ಚಿಕ್ಕಮ್ಮ ಚುಚ್ಚುತ್ತಿದ್ದರು.

ಒಂದು ಶನಿವಾರ ಅವಳೇ ಕೇಳಿದಳು. "ಪೊಲೀಸೇ ಯಾಕೆ ಆಗ್ಬೇಕು?"

ಅವನು ಮೇಜಿನ ಮೇಲಿದ್ದ ಗುಂಡಿಗಳನ್ನು ಬೆರಳಲ್ಲಿ ಸಾಲಾಗಿ ಜೋಡಿಸಿದ. "ಅಮ್ಮ ಠಾಣೆಲಿ ಕಸ ಗುಡಿಸ್ತಾರೆ. ಹೋದ ಸಲ ನನ್ನ ಜೊತೆ ಓಡಿದವನು ಈಗ ಅಲ್ಲೇ ಇದಾನೆ. ಓಟದಲ್ಲಿ ನನಗಿಂತ ಹಿಂದೆ ಬಂದಿದ್ದ. ಅವನ ಮೇಜಿನ ಕೆಳಗೆ ಗುಡಿಸಿ ಬರ್ತಾರೆ, ಮನೇಲಿ ಏನೂ ಅನ್ನಲ್ಲ. ಅನ್ನದೇ ಇರೋದೇ ಕಷ್ಟ."

ಅವಳು ಉರುಳಿಹೋದ ಒಂದು ಗುಂಡಿಯನ್ನು ಹೆಕ್ಕಿ ಸಾಲಿಗೆ ಸೇರಿಸಿದಳು. "ಪಾಸಾದ್ರೆ?"

"ಒಂಬತ್ತು ತಿಂಗಳು ಟ್ರೇನಿಂಗು. ಬೇರೆ ಊರಲ್ಲಿ. ಆಮೇಲೆ ಎಲ್ಲಿಗೆ ಹಾಕ್ತಾರೋ ಏನೋ."

ಆ ದಿನ ಯಂತ್ರದ ದಾರ ಮೂರು ಸಲ ಹರಿಯಿತು.

ಆರನೇ ವಾರದ ಒಂದು ಬೆಳಿಗ್ಗೆ ಅವಳು ಕಿಟಕಿಯ ಬಳಿ ಕತ್ತರಿ ಹಿಡಿದು ನಿಂತಿದ್ದಳು. ಎದುರಿನ ಕಟ್ಟಡಕ್ಕೆ ಸಿಲಿಂಡರ್ ಹಾಕಿ ಬಂದ ಅವನು ಗಾಡಿಗೆ ಒರಗಿದ. ಒರಗಿ, ಹೊಟ್ಟೆಯ ತಳದಿಂದ ಉಸಿರು ಬಿಟ್ಟ. ನೀಲಿ ಶರ್ಟು ಎದೆಯ ಮೇಲೆ ಒಮ್ಮೆಲೇ ಸಡಿಲಾಯಿತು. ಮತ್ತೆ ತುಂಬಿಕೊಂಡ, ಗುಂಡಿಗಳು ಬಿಗಿದವು.

ಹನ್ನೊಂದು ವರ್ಷದ ಕಣ್ಣಳತೆ ಸುಳ್ಳು ಹೇಳುವುದಿಲ್ಲ. ಐದಕ್ಕಿಂತ ಒಂದಿಷ್ಟು ಹೆಚ್ಚೇ.

ಅಂದರೆ ಅವನ ಎದೆಯಲ್ಲಿ ದೋಷವಿರಲಿಲ್ಲ. ಅಂಗಡಿಯಲ್ಲಿ ಅವಳು ಟೇಪು ಹಿಡಿದು ಹತ್ತಿರ ಬಂದಾಗ ಮಾತ್ರ ಅವನು ಆ ಉಸಿರನ್ನು ಬಿಡುತ್ತಿರಲಿಲ್ಲ. ಮೊದಲೇ ಅರ್ಧ ತುಂಬಿದ ಎದೆ, ಅದು ಇನ್ನೆಷ್ಟು ಹಿಗ್ಗೀತು?

ಇದನ್ನು ಅವನಿಗೆ ಹೇಳುವುದು ಹೇಗೆ? ನಾನು ಹತ್ತಿರ ಬಂದರೆ ನಿಮಗೆ ಉಸಿರು ಕಟ್ಟುತ್ತದೆ ಎಂದು ಯಾವ ಬಾಯಲ್ಲಿ ಹೇಳುವುದು? ಅದು ತನ್ನ ಭ್ರಮೆಯಾಗಿದ್ದರೆ ಮತ್ತೆ ಅವನ ಮುಖ ನೋಡುವುದು ಹೇಗೆ? ಇವೆಲ್ಲ ಮೇಲಿನ ಮಾತು. ಒಳಗಿನ ಮಾತು ಬೇರೆಯೇ ಇತ್ತು, ಅದಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು. ಹೇಳಿದರೆ ಅವನು ಪಾಸಾಗುತ್ತಾನೆ. ಪಾಸಾದರೆ ಹೋಗುತ್ತಾನೆ.

ಒಂದು ಶನಿವಾರ ಸುಮ್ಮನಿದ್ದಳು. ಇನ್ನೊಂದು ಶನಿವಾರವೂ ಸುಮ್ಮನಿದ್ದಳು. ಎರಡೂ ಸಲ "ಮೂರು" ಎಂದು ಹೇಳಿ ಟೇಪನ್ನು ಬೇಗ ಬೇಗ ಸುತ್ತಿಟ್ಟಳು.

ಕೊನೆಯ ಶನಿವಾರ ಅವನು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತ.

"ಅಳತೆ ಬೇಡ. ಸೋಮವಾರ ನಾನು ಹೋಗ್ತಾ ಇಲ್ಲ. ಹೇಳಿ ಹೋಗೋಣ ಅಂತ ಬಂದೆ."

ಚಿಕ್ಕಮ್ಮನ ಸೂಜಿ ನಿಂತಿತು.

"ಎಲ್ಲರ ಎದುರಿಗೆ ಶರ್ಟ್ ಬಿಚ್ಚಿ ನಿಂತು, ಸಾಲದು ಅನ್ನಿಸ್ಕೊಂಡು ಒಂದು ಸಲ ಮನೆಗೆ ಬಂದಿದೀನಿ. ಆವಾಗ ನಾಲ್ಕೂವರೆ ಆದ್ರೂ ಇತ್ತು. ಈಗ ಅದೂ ಇಲ್ಲ. ಅಮ್ಮನಿಗೆ ಇನ್ನೊಂದು ಸಲ ಹೇಳೋ ಶಕ್ತಿ ನನಗಿಲ್ಲ." ಅವನು ಕೈಗಳನ್ನು ನೋಡಿಕೊಂಡ. "ತೊಂದರೆ ಕೊಟ್ಟೆ ನಿಮಗೆ."

ಅವನು 'ಬರ್ತೀನಿ' ಎನ್ನಲಿಲ್ಲ. ಅವಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಒಳಗೆ ಬನ್ನಿ," ಎಂದಳು. ದನಿ ಏರಿತ್ತು. "ಬನ್ನಿ ಅಂದ್ರೆ ಬನ್ನಿ. ಕೈ ಎತ್ತಿ."

ಪೊಲೀಸರು ಹೇಳಿದರೂ ಅಷ್ಟು ಬೇಗ ಎತ್ತುತ್ತಿರಲಿಲ್ಲವೇನೋ. ಅವಳು ಟೇಪು ಸುತ್ತಿದಳು.

"ಉಸಿರು ಬಿಡಿ."

"ಬಿಟ್ಟಿದೀನಿ."

"ಬಿಟ್ಟಿಲ್ಲ. ಎರಡು ತಿಂಗಳಾಯ್ತು, ನನ್ನ ಎದುರಿಗೆ ಒಂದು ಸಲಾನೂ ನೀವು ಉಸಿರು ಬಿಟ್ಟಿಲ್ಲ. ಎಲ್ಲಾ ಒಳಗೇ ಇಟ್ಕೊಂಡಿದೀರ. ನನಗೆ ಗೊತ್ತು."

ಫ್ಯಾನಿನ ಮೇಲಿದ್ದ ಅವನ ಕಣ್ಣು ಕೆಳಗಿಳಿದು ಮೊದಲ ಬಾರಿಗೆ ನೇರವಾಗಿ ಅವಳ ಕಣ್ಣಲ್ಲಿ ನಿಂತಿತು. ಮುಖದಲ್ಲಿ ರಕ್ತವಿರಲಿಲ್ಲ.

"ನಿಮಗೆ... ಯಾರು ಹೇಳಿದ್ರು?" ಎಂದ. "ನಾನು ಯಾರ ಹತ್ರಾನೂ ಉಸಿರು ಬಿಟ್ಟಿಲ್ವಲ್ಲ! ಅಮ್ಮನ ಹತ್ರ ಕೂಡ. ಕೆಲಸ ಸಿಕ್ಕಿದ ಮೇಲೆ, ಯೂನಿಫಾರ್ಮ್ ಹಾಕ್ಕೊಂಡು ಬಂದು, ಚಿಕ್ಕಮ್ಮನ ಎದುರಿಗೇ ಕೇಳೋಣ ಅಂತಿದ್ದೆ. ಸಿಲಿಂಡರ್ ಹೊರೋನು ಬಂದು ನಿಮ್ಮನ್ನ ಇಷ್ಟಪಡ್ತೀನಿ ಅಂದ್ರೆ ಏನಂದ್ಕೋತೀರೋ ಅಂತ... ಅಷ್ಟೊಂದು ಕಾಣಿಸ್ತಿತ್ತಾ?"

ಅವಳ ಬೆರಳು ಇನ್ನೂ ಟೇಪಿನ ಅಂಕಿಯ ಮೇಲೇ ಇತ್ತು.

"ನಾನು," ಎಂದಳು ಅವಳು, "ಶ್ವಾಸಕೋಶದ ವಿಷಯ ಹೇಳಿದ್ದು."

ಚಿಕ್ಕಮ್ಮ ಹುಕ್ಕಿನ ಡಬ್ಬಿ ಬೀಳಿಸಿದರು.

ಅವನು ಕಣ್ಣು ಮುಚ್ಚಿಕೊಂಡ. ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ಎರಡು ತಿಂಗಳ ಗಾಳಿಯೆಲ್ಲ ಒಂದೇ ಸಲಕ್ಕೆ ಹೊರಬಿತ್ತು. ಅವಳ ಬೆರಳಲ್ಲಿದ್ದ ಟೇಪು ಸಡಿಲಾಗಿ ಜಾರತೊಡಗಿತು.

"ಹಾಗೇ ಇರಿ! ಅಲ್ಲಾಡಬೇಡಿ!" ಟೇಪು ಎಳೆದು ಹಿಡಿದಳು. "ಎಂಬತ್ತೂವರೆ. ಈಗ ಎಳ್ಕೊಳ್ಳಿ."

ಎಳೆದುಕೊಂಡ. ಅವಳು ಅಂಕಿ ಓದಿದಳು. ಕಣ್ಣು ಮಂಜಾಗಿ ಇನ್ನೊಮ್ಮೆ ಓದಬೇಕಾಯಿತು.

"ಎಂಬತ್ತಾರೂವರೆ. ಆರು ಬಂತು."

"ಆರಾ?"

"ಆರು. ಭಯ ಆದಾಗ ನೀವು ಉಸಿರು ಹಿಡ್ಕೋತೀರ, ಅಷ್ಟೇ. ಹೋದ ಸಲಾನೂ ಅದೇ ಆಗಿರ್ಬೇಕು. ನನಗೆ ಎರಡು ವಾರದ ಹಿಂದೇನೇ ಗೊತ್ತಾಗಿತ್ತು. ಹೇಳ್ಲಿಲ್ಲ." ಅವಳು ಟೇಪನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. "ತಪ್ಪು ನಂದು."

"ಯಾಕೆ ಹೇಳ್ಲಿಲ್ಲ?"

ಅವಳು ಬಾಯಿ ತೆರೆದಳು. ಬಂದ ಮಾತು ಬರಬಾರದ ಮಾತಾಗಿತ್ತು. ನುಂಗಿಕೊಂಡಳು.

"ಆಮೇಲೆ ಹೇಳ್ತೀನಿ. ಸೋಮವಾರ ಹೋಗಿ ಅಳತೆ ಕೊಟ್ಟು, ನನಗೆ ಫೋನ್ ಮಾಡಿ. ನಂಬರ್ ಬೋರ್ಡಲ್ಲಿದೆ."

"ಬರ್ತೀನಿ," ಎಂದ ಅವನು.

ಸೋಮವಾರ ಅವಳು ಒಂದೇ ತೋಳನ್ನು ಎರಡು ಸಲ ತಪ್ಪಾಗಿ ಕೂರಿಸಿ ಎರಡು ಸಲ ಬಿಚ್ಚಿದಳು. ಚಿಕ್ಕಮ್ಮ ಬಿಚ್ಚಿದ ದಾರವನ್ನು ಹೆಕ್ಕಿ ಹಾಕಿದರು. ಯಾವುದೋ ಮೈದಾನದಲ್ಲಿ ಯಾರೋ ಅಪರಿಚಿತರ ಕೈಯಲ್ಲಿದ್ದ ಟೇಪಿಗೆ ಅವಳ ಜೀವ ಸುತ್ತಿಕೊಂಡಿತ್ತು, ಅವಳು ಇಲ್ಲಿಂದ ಏನೂ ಮಾಡುವಂತಿರಲಿಲ್ಲ. ಪಾಸಾಗಲಿ ಎಂದರೆ ಎದೆ ನೋಯುತ್ತಿತ್ತು. ಆಗದಿರಲಿ ಎನ್ನಲು ಮನಸ್ಸು ಬರುತ್ತಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. ಹಿಂದೆ ಜನರ ಗದ್ದಲ, ಪೀಪಿಯ ಸದ್ದು.

"ಆರು," ಎಂದ ಅವನು. "ಎರಡು ಸಲ ಅಳೆದ್ರು, ಎರಡು ಸಲಾನೂ ಆರು. ಅಳೆದವರಿಗೆ ಇಷ್ಟು ದಪ್ಪ ಮೀಸೆ. ಉಸಿರು ಬಿಡಪ್ಪಾ ಅಂದ್ರು, ಯಾವ ಕಷ್ಟಾನೂ ಇಲ್ದೆ ಬಿಟ್ಟೆ. ಅಮ್ಮನಿಗೂ ಹೇಳಿದೆ. ಎರಡೂ ವಿಷಯ."

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ಬರೋ ತಿಂಗಳೇ ಟ್ರೇನಿಂಗಿಗೆ ಹೊರಡಬೇಕಾಗುತ್ತೆ ಅಂತಿದಾರೆ," ಎಂದ ಅವನು. ದನಿ ಇಳಿದಿತ್ತು. "ನೀವು ಆಮೇಲೆ ಹೇಳ್ತೀನಿ ಅಂದಿದ್ರಿ, ಇನ್ನೂ ಏನೂ ಹೇಳ್ಲಿಲ್ಲ."

ಅವಳು ಫೋನ್ ಹಿಡಿದು ನಿಂತಳು. ಈಗ ಉಸಿರು ಹಿಡಿದಿದ್ದವಳು ಅವಳು.

ಆ ಕಡೆಯಿಂದ, ಅವಳದೇ ಧಾಟಿಯಲ್ಲಿ, ಮೆಲ್ಲಗೆ ಕೇಳಿಸಿತು. "ಉಸಿರು ಬಿಡಿ."

"ಹೋಗಬೇಡಿ," ಎಂದಳು. ಅದರ ಹಿಂದೆಯೇ ಅಳು ಬಂತು, ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಅವನು ಆ ಕಡೆ ಕಾಯುತ್ತ ನಿಂತಿದ್ದ. ಮೂಲೆಯಲ್ಲಿ ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದರು.

ಅವಳು ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಹೋಗಿ ಬನ್ನಿ," ಎಂದಳು. "ಬರಲೇಬೇಕು."